ಬೀಳುವುದು ಬಾತ್‌ರೂಮ್ ದಾರಿಯಲ್ಲೇ: ವಾರ್ಡ್‌ಗೆ ಹೊಸದಾಗಿ ಬಂದ ಸಿಸ್ಟರ್‌ಗಳಿಗೆ

ನಮ್ಮ ಮೆಡಿಸಿನ್ ವಾರ್ಡ್‌ಗೆ ಹೊಸದಾಗಿ ಪೋಸ್ಟಿಂಗ್ ಆಗಿ ಬರುವ ಹುಡುಗಿಯರನ್ನು ನಾನು ಮೊದಲು ಕೇಳುವುದು ಇದನ್ನೇ. ರೋಗಿ ಬೀಳದ ಹಾಗೆ ಏನು ಮಾಡ್ತೀರಾ? ಹೆಚ್ಚಿನವರ ಉತ್ತರ, "ಮಂಚಕ್ಕೆ ಸೈಡ್ ರೇಲ್ ಹಾಕ್ತೀವಿ ಮೇಡಂ."

ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಎದ್ದು ಹೋಗಲೇಬೇಕು ಅಂತ ಹೊರಟ ಅಜ್ಜ ರೇಲ್ ನೋಡಿ ವಾಪಸ್ ಮಲಗುವುದಿಲ್ಲ. ಅದರ ಮೇಲೆ ಕಾಲು ಹಾಕಿ ದಾಟುತ್ತಾರೆ. ಆಗ ಬಿದ್ದರೆ ಮಂಚಕ್ಕಿಂತ ಎತ್ತರದಿಂದ ಬೀಳುತ್ತಾರೆ. ಅದಕ್ಕೇ ಮೊದಲು ತಿಳಿಯಬೇಕಾದ್ದು, ಅವರು ಎಲ್ಲಿಗೆ ಹೊರಟಿದ್ದರು ಅಂತ. ಹತ್ತಿರ ಹತ್ತಿರ ಯಾವಾಗಲೂ ಒಂದಕ್ಕೆ. ಇಲ್ಲವೇ ಎರಡಕ್ಕೆ.

ಆದ್ದರಿಂದ ಅಡ್ಮಿಷನ್ ದಿನವೇ ಕೇಳಿ: "ರಾತ್ರಿ ಎಷ್ಟು ಸಲ ಒಂದಕ್ಕೆ ಏಳ್ತೀರಾ? ಮನೆಯಲ್ಲಿ ಏನು ಹಿಡ್ಕೊಂಡು ಹೋಗ್ತೀರಾ? ಈ ವರ್ಷ ಎಲ್ಲಾದ್ರೂ ಬಿದ್ದಿದ್ರಾ?" ಕೊನೆಯ ಪ್ರಶ್ನೆಗೆ ಹಿರಿಯರು ಸಾಮಾನ್ಯವಾಗಿ ಇಲ್ಲ ಅಂತಾರೆ. ಹಿಂದೆ ನಿಂತ ಸೊಸೆಯ ಮುಖ ನೋಡಿ. "ಬಚ್ಚಲಲ್ಲಿ ಜಾರಿದ್ರಲ್ಲ ಮಾವ" ಅಂತ ಅವರು ನೆನಪಿಸುತ್ತಾರೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಜಾಸ್ತಿ. ಹಾಗಾಗಿ ಆ ಉತ್ತರ ಬರುವ ತನಕ ಬಿಡಬೇಡಿ.

ಸ್ಕೋರ್ ಬರೆಯುವುದರ ಬಗ್ಗೆ

ಕೇಸ್ ಶೀಟ್‌ನಲ್ಲಿ ಬೀಳುವ ಅಪಾಯ ಅಳೆಯುವ ಮೋರ್ಸ್ ಸ್ಕೇಲ್ ಇರುತ್ತದಲ್ಲ, ಅದು ಜಾನಿಸ್ ಮೋರ್ಸ್ 1989ರಲ್ಲಿ ಪ್ರಕಟಿಸಿದ್ದು. ಆರು ಪ್ರಶ್ನೆ, ಒಟ್ಟು 125 ಅಂಕ. ಹಿಂದೆ ಬಿದ್ದಿದ್ದರೆ 25. ಒಂದಕ್ಕಿಂತ ಜಾಸ್ತಿ ಕಾಯಿಲೆ ಇದ್ದರೆ 15. ಕ್ಯಾನುಲಾ (ಡ್ರಿಪ್, ಇಂಜೆಕ್ಷನ್‌ಗೆ ರಕ್ತನಾಳಕ್ಕೆ ಹಾಕಿಟ್ಟ ಕೊಳವೆ) ಇದ್ದರೆ 20. ಕೋಲು, ವಾಕರ್ ಹಿಡಿದರೆ 15. ಮಂಚ, ಗೋಡೆ ಹಿಡಿದು ನಡೆದರೆ 30. ನಡಿಗೆಯಲ್ಲಿ ಶಕ್ತಿ ಕಡಿಮೆ ಇದ್ದರೆ 10, ತೀರಾ ತೊಂದರೆ ಇದ್ದರೆ 20. ತನ್ನ ಕೈಲಾಗುವುದಿಲ್ಲ ಅನ್ನುವುದೇ ಮರೆತು ಏಳುವವರಿಗೆ 15. ಸಾಮಾನ್ಯವಾಗಿ 45 ಬಂದರೆ ಅಪಾಯ ಹೆಚ್ಚು ಅಂತ ಲೆಕ್ಕ.

ಈಗ ನಮ್ಮ ವಾರ್ಡ್ ನೋಡಿ. ಬಿಪಿ, ಶುಗರ್ ಎರಡೂ ಇದೆ, ಕೈಯಲ್ಲಿ ಕ್ಯಾನುಲಾ ಇದೆ, ಜ್ವರ ಬಂದು ಸುಸ್ತಾಗಿದ್ದಾರೆ. ಅಷ್ಟಕ್ಕೇ 45. ಅರ್ಧ ವಾರ್ಡ್ ಇದರಲ್ಲೇ ಬಂತು. ಎಲ್ಲರ ಕೈಗೂ ಬೀಳುವ ಅಪಾಯದ ಹಳದಿ ಬ್ಯಾಂಡ್ ಕಟ್ಟಿದರೆ ಆಮೇಲೆ ಯಾರ ಬ್ಯಾಂಡೂ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲೆಂಡಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಒಳರೋಗಿಗಳಿಗೆ ಇಂಥ ಸ್ಕೋರ್ ನಂಬಿ ಕೂರಬೇಡಿ ಅಂದಿತ್ತು. 65 ದಾಟಿದ ಎಲ್ಲರಿಗೂ ಅಪಾಯ ಇದೆ ಅಂತಲೇ ತಿಳಿದು, ಒಬ್ಬೊಬ್ಬರ ಕಾರಣ ಹುಡುಕಿ ಅಂತ ಅದರ ಸಲಹೆ. ಆಡಿಟ್‌ಗೆ ಸ್ಕೋರ್ ಬೇಕು, ಬರೆಯಿರಿ. ಆದರೆ ಅಂಕ ಎಲ್ಲಿಂದ ಬಂತು ಅಂತ ನೋಡಿ, ಅದರ ಪಕ್ಕದಲ್ಲೇ ಏನು ಮಾಡ್ತೀರಿ ಅಂತಲೂ ಬರೆಯಿರಿ. ಕ್ಯಾನುಲಾದಿಂದ 20 ಬಂದಿದೆ, ಎರಡು ದಿನದಿಂದ ಇಂಜೆಕ್ಷನ್ ಇಲ್ಲ. ಡಾಕ್ಟರನ್ನು ಕೇಳಿ ತೆಗೆಯಿರಿ. ಸುಮ್ನೆ ಯಾಕೆ ಇಡಬೇಕು?

ಅಮೆರಿಕದಲ್ಲಿ ಪೆಟ್ರಿಷಿಯಾ ಡೈಕ್ಸ್ ಅನ್ನುವ ನರ್ಸ್ ಸಂಶೋಧಕಿಯ ತಂಡ ಮಾಡಿದ್ದೂ ಇದೇ. ಯಾವ ಅಪಾಯಕ್ಕೆ ಯಾವ ಉಪಾಯ ಅನ್ನುವುದನ್ನು ಒಂದು ಹಾಳೆಯಲ್ಲಿ ರೋಗಿ, ಮನೆಯವರ ಜೊತೆ ಕೂತೇ ತುಂಬಿ, ಮಂಚದ ಪಕ್ಕ ಹಾಕಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಬೀಳುವುದು 15 ಶೇಕಡಾ, ಬಿದ್ದು ಗಾಯವಾಗುವುದು 34 ಶೇಕಡಾ ಕಡಿಮೆ ಆಗಿತ್ತು. ಬೆಡ್ ಅಲಾರಂ ಬಳಕೆ ಜಾಸ್ತಿ ಮಾಡಿ ನೋಡಿದ ಇನ್ನೊಂದು ಅಧ್ಯಯನ 2012ರಲ್ಲಿ ಬಂತು. ಅದರಲ್ಲಿ ಬೀಳುವವರ ಸಂಖ್ಯೆ ಕಡಿಮೆ ಆಗಲೇ ಇಲ್ಲ. ನಮ್ಮಲ್ಲಿ ಅಲಾರಂ ಇಲ್ಲ ಅಂತ ಕೊರಗಬೇಡಿ. ಒಂದು ಬಿಳಿ ಹಾಳೆ, ಸ್ಕೆಚ್ ಪೆನ್ ಸಾಕು. "ಒಬ್ಬರೇ ಏಳಬೇಡಿ. ಸಿಸ್ಟರ್‌ನ ಕರೀರಿ" ಅಂತ ದೊಡ್ಡದಾಗಿ ಬರೆದು ಲಾಕರ್ ಮೇಲೆ ಅಂಟಿಸಿ. ಓದು ಬಾರದವರಿಗೆ ಚಿತ್ರ ಬಿಡಿಸಿ.

ಮಾತ್ರೆ ಮತ್ತು ಗಡಿಯಾರ

ಲ್ಯಾಸಿಕ್ಸ್ ಮಾತ್ರೆ ಕೊಟ್ಟರೆ ಒಂದು ಗಂಟೆಯೊಳಗೆ ಮೂತ್ರ ಶುರುವಾಗುತ್ತದೆ, ಆರೇಳು ಗಂಟೆ ಹೋಗುತ್ತಲೇ ಇರುತ್ತದೆ. ಐವಿ, ಅಂದರೆ ರಕ್ತನಾಳಕ್ಕೇ ಕೊಟ್ಟರೆ ಐದು ನಿಮಿಷದಲ್ಲೇ ಶುರು. ಎರಡನೇ ಡೋಸ್ ರಾತ್ರಿ ಎಂಟಕ್ಕೆ ಬರೆದಿದ್ದರೆ ಸಂಜೆ ನಾಲ್ಕಕ್ಕೆ ಹಾಕಬಹುದಾ ಅಂತ ರೌಂಡ್ಸ್‌ನಲ್ಲೇ ಕೇಳಿ. ಕೊಡುವಾಗ ಯೂರಿನಲ್ (ಮೂತ್ರದ ಪಾತ್ರೆ) ಕೈಗೆಟುಕುವ ಹಾಗೆ ಇಟ್ಟಿದೆಯಾ ನೋಡಿ. ಮಂಚದ ಕೆಳಗೆ ತಳ್ಳಿದ್ದರೆ ಇದ್ದೂ ಇಲ್ಲದ ಹಾಗೆ. ನಿದ್ದೆ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಮಾತ್ರೆ, ಬಿಪಿಗೆ ಕೊಡುವ ಪ್ರಾಜೋಸಿನ್, ಇನ್ಸುಲಿನ್, ಎನಿಮಾ ಎಲ್ಲಕ್ಕೂ ಇದೇ ಯೋಚನೆ ಇರಲಿ. ನಿದ್ದೆ ಮಾತ್ರೆ ಕೊಡುವ ಮೊದಲು ಬಾತ್‌ರೂಮ್‌ಗೆ ಕರೆದುಕೊಂಡು ಹೋಗಿ ಬಂದುಬಿಡಿ.

ಎಬ್ಬಿಸುವುದನ್ನು ನಿಧಾನವಾಗಿ ಹೇಳಿಕೊಡುತ್ತೇನೆ, ಯಾಕಂದ್ರೆ ಎಲ್ಲರೂ ಅವಸರ ಮಾಡುವುದು ಇಲ್ಲೇ. ಮೊದಲು ಮಂಚದ ಬ್ರೇಕ್ ಕಾಲಿಂದ ಒತ್ತಿ ನೋಡಿ. ಮಲಗಿರುವಾಗಲೇ ಬಿಪಿ ನೋಡಿಕೊಳ್ಳಿ. ಪಕ್ಕಕ್ಕೆ ತಿರುಗಿಸಿ, ಕಾಲು ಇಳಿಬಿಟ್ಟು ಕೂರಿಸಿ. ಪಾದ ಪೂರ್ತಿ ನೆಲಕ್ಕೆ ಊರಬೇಕು. ಹಳೇ ಕಬ್ಬಿಣದ ಮಂಚ ಎತ್ತರ ಇದ್ದರೆ ಕಾಲಿಗೆ ಸ್ಟೂಲ್ ಕೊಡಿ, ಆದರೆ ಅದರ ಬುಡದಲ್ಲಿ ರಬ್ಬರ್ ಇರಲಿ. ಒಂದೆರಡು ನಿಮಿಷ ಹಾಗೇ ಕೂತು ಪಾದ ಮೇಲೆ ಕೆಳಗೆ ಆಡಿಸಲಿ. ನೀವು ಮಾತಾಡಿಸುತ್ತಾ ಇರಿ. ಮಾತು ನಿಂತಿತು, ಹಣೆ ಬೆವರಿತು, ಕಣ್ಣು ಕತ್ತಲೆ ಬರ್ತಿದೆ ಅಂದ್ರು ಅಂದರೆ ತಕ್ಷಣ ಮಲಗಿಸಿ. ಚೆನ್ನಾಗಿದ್ದರೆ ಪಂಚೆ ಅಥವಾ ನೈಟಿ ಕಾಲಿಗೆ ಸಿಗದ ಹಾಗೆ ಎತ್ತಿ ಕಟ್ಟಿಸಿ ನಿಲ್ಲಿಸಿ. ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ಬಿಪಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದಿದ್ದರೆ ಡಾಕ್ಟರ್‌ಗೆ ಹೇಳಿ. ಡ್ರಿಪ್ ಸ್ಟ್ಯಾಂಡ್ ಹಿಡಿದು ನಡೆಯಲು ಬಿಡಬೇಡಿ. ಅದಕ್ಕೆ ಚಕ್ರ ಇದೆ, ಅದೇ ಮುಂದೆ ಓಡುತ್ತದೆ.

ವಯಸ್ಸಾದವರಿಗೆ ಮಾತ್ರ ಇದು ಅಂದ್ಕೋಬೇಡಿ. ಸಿಸೇರಿಯನ್ ಆದ ಬಾಣಂತಿ ಮೊದಲ ಸಲ ಏಳುವಾಗಲೂ ಹೀಗೇ.

ರಾತ್ರಿ

ರಾತ್ರಿ ಒಬ್ಬ ಸಿಸ್ಟರ್‌ಗೆ ಇಡೀ ವಾರ್ಡ್ ಇರುವ ಕಡೆ ಗಂಟೆಗೊಂದು ರೌಂಡ್ ಅಂತ ಪುಸ್ತಕದಲ್ಲಿ ಬರೆಯುವುದು ಸುಲಭ. ನಾನು ಹೇಳುವುದು ಎರಡು ಹೊತ್ತನ್ನಂತೂ ಬಿಡಬೇಡಿ ಅಂತ. ಒಂದು, ಮಾತ್ರೆ ಕೊಟ್ಟು ಲೈಟ್ ಆರಿಸುವ ಮೊದಲು. ಇನ್ನೊಂದು, ಬೆಳಗಿನ ಜಾವ ನಾಲ್ಕರಿಂದ ಆರು. ಆಗ ಎಲ್ಲರಿಗೂ ಒಟ್ಟಿಗೆ ಅವಸರ, ಮೇಲಿಂದ ಆಯಾ ಫಿನಾಯಿಲ್ ಹಾಕಿ ಒರೆಸಿರುತ್ತಾರೆ. ನೆಲ ಅರ್ಧರ್ಧ ಒರೆಸಿ, ಒಂದು ಕಡೆ ಒಣಗಿದ ಮೇಲೆ ಇನ್ನೊಂದು ಕಡೆ ಅಂತ ಅವರ ಜೊತೆ ಮಾತಾಡಿಕೊಳ್ಳಿ. ನೋಡಲು ಹೋದಾಗ "ಬಾತ್‌ರೂಮ್‌ಗೆ ಹೋಗಬೇಕಾ?" ಅಂತ ನೀವೇ ಕೇಳಿ. "ನಿಮಗ್ಯಾಕೆ ತೊಂದ್ರೆ ಬಿಡವ್ವ, ನಾನೇ ಹೋಗ್ತೀನಿ" ಅನ್ನುವವರೇ ಜಾಸ್ತಿ. ಆಗ "ನಾನು ಆ ಕಡೆನೇ ಹೊರಟಿದ್ದೀನಿ, ಬನ್ನಿ" ಅನ್ನಿ. ಸಂಕೋಚ ಕಡಿಮೆ ಆಗುತ್ತದೆ.

ಜೊತೆಗಿರುವ ಅಟೆಂಡರ್ ನಮ್ಮ ದೊಡ್ಡ ಬಲ. ಆದರೆ ಬೆಳಿಗ್ಗೆ ಮಗಳಿಗೆ ಹೇಳಿಕೊಟ್ಟಿರ್ತೀರಿ, ರಾತ್ರಿ ಮಲಗಲು ಅಣ್ಣನ ಮಗ ಬಂದಿರ್ತಾನೆ. ಅವನಿಗೆ ಏನೂ ಗೊತ್ತಿಲ್ಲ. ರಾತ್ರಿ ಡ್ಯೂಟಿ ಹತ್ತಿದ ಕೂಡಲೇ ಅವನಿಗೆ ಹೊಸದಾಗಿ ಹೇಳಿ, ಆಮೇಲೆ ಅವನ ಬಾಯಲ್ಲೇ ಹೇಳಿಸಿ. ಅವನ ಚಾಪೆ ಮಂಚ ಮತ್ತು ಬಾತ್‌ರೂಮ್ ನಡುವೆ ಬೇಡ.

ಗಲಿಬಿಲಿಗೊಂಡವರನ್ನು ಕೈ ಕಟ್ಟಿ ಮಲಗಿಸುವುದು ಹಳೇ ಚಾಳಿ. ಕಟ್ಟಿದಷ್ಟೂ ಒದ್ದಾಡುತ್ತಾರೆ, ಗಾಯ ಜಾಸ್ತಿ. ಹೊಟ್ಟೆಯ ಕೆಳಗೆ ಮುಟ್ಟಿ ನೋಡಿ, ಮೂತ್ರ ಕಟ್ಟಿರಬಹುದು. ಶುಗರ್, ಆಕ್ಸಿಜನ್ ನೋಡಿ. ಕನ್ನಡಕ ಕೊಡಿ. ದಾಖಲಾಗಿ ಎರಡು ಮೂರು ದಿನಕ್ಕೆ ಗಂಡಸರು ಇದ್ದಕ್ಕಿದ್ದಂತೆ ಹೀಗಾದರೆ ಕುಡಿತ ಬಿಟ್ಟಿದ್ದರ ಪರಿಣಾಮ ಇರಬಹುದು. ಮನೆಯವರನ್ನು ಪಕ್ಕಕ್ಕೆ ಕರೆದು ಕೇಳಿ, ಡಾಕ್ಟರ್‌ಗೆ ತಿಳಿಸಿ.

ಬಿದ್ದರೆ

ಎಲ್ಲ ಮಾಡಿದರೂ ಕೆಲವರು ಬೀಳುತ್ತಾರೆ. ಓಡಿ ಹೋಗಿ ಎತ್ತಬೇಡಿ, ಸುತ್ತ ಇದ್ದವರನ್ನೂ ಎತ್ತಲು ಬಿಡಬೇಡಿ. ಪ್ರಜ್ಞೆ, ತಲೆ, ಕುತ್ತಿಗೆ ನೋಡಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಬಿಪಿ, ಶುಗರ್ ನೋಡಿ, ಡಾಕ್ಟರನ್ನು ಕರೆಸಿ. ತಲೆಗೆ ಪೆಟ್ಟಾಗಿದ್ದರೆ, ಅಥವಾ ಬಿದ್ದಿದ್ದನ್ನು ಯಾರೂ ನೋಡಿಲ್ಲದಿದ್ದರೆ, ಜಿಸಿಎಸ್ (ಪ್ರಜ್ಞೆಯ ಮಟ್ಟದ ಅಂಕ) ಮತ್ತು ಕಣ್ಣಿನ ಪಾಪೆ ಮೊದಲ ಎರಡು ಗಂಟೆ ಅರ್ಧ ಗಂಟೆಗೊಮ್ಮೆ ನೋಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಡಾಕ್ಟರ್‌ಗೆ ಮೊದಲ ಮಾತಿನಲ್ಲೇ ಹೇಳಿ.

ಇನ್ಸಿಡೆಂಟ್ ಫಾರ್ಮ್ ಬರೆಯಲು ಹೆದರಬೇಡಿ. "ರೋಗಿ ಜಾರಿ ಬಿದ್ದರು" ಅಂತ ಒಂದು ಸಾಲು ಗೀಚಿದರೆ ಯಾರಿಗೂ ಉಪಯೋಗ ಇಲ್ಲ. ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಎಲ್ಲಿಗೆ ಹೊರಟಿದ್ದರು, ಕೊನೆಯ ಮಾತ್ರೆ ಯಾವುದು, ಕಾಲಲ್ಲಿ ಏನಿತ್ತು, ಇಷ್ಟು ಬರೆಯಿರಿ. ತಿಂಗಳ ಕೊನೆಗೆ ಬಿದ್ದವರ ಸಂಖ್ಯೆಯನ್ನು ಆ ತಿಂಗಳ ಒಟ್ಟು ರೋಗಿ ದಿನಗಳಿಂದ ಭಾಗಿಸಿ 1000ದಿಂದ ಗುಣಿಸಿ. 30 ಮಂಚ ತಿಂಗಳಿಡೀ ತುಂಬಿದ್ದರೆ 900 ದಿನ. ಮೂವರು ಬಿದ್ದಿದ್ದರೆ 3.3. ಅದರ ಜೊತೆ ಜಾಗವನ್ನೂ ಗುರುತು ಹಾಕಿ. ಮೂರರಲ್ಲಿ ಎರಡು ಅದೇ ಬಾತ್‌ರೂಮ್ ಹೊಸ್ತಿಲ ಹತ್ತಿರ ಅಂತಾದರೆ, ಅಲ್ಲಿ ಹಿಡಿಕೆ ಮತ್ತು ಬಲ್ಬ್ ಬೇಕು ಅಂತ ಈ ಫಾರ್ಮ್‌ಗಳ ಜೆರಾಕ್ಸ್ ಲಗತ್ತಿಸಿ ಇಂಡೆಂಟ್ (ಬೇಡಿಕೆ ಪತ್ರ) ಹಾಕಿ.