ಪೆಟ್ಟು ಬಿದ್ದ ಪುಟ್ಟ ಹೊಟ್ಟೆ: ಕರುಳಿನ ಗಾಯವನ್ನು ನಾನು ಹುಡುಕುವ, ಹೊಲಿಯುವ ಬಗೆ

ಸೈಕಲ್‌ನಿಂದ ಬಿದ್ದ ಮಗು ಎಷ್ಟೋ ಸಲ ತಾನೇ ಎದ್ದು ಮನೆಗೆ ನಡೆದುಕೊಂಡು ಹೋಗಿರುತ್ತದೆ. ಹ್ಯಾಂಡಲ್‌ನ ತುದಿ ಒತ್ತಿದಲ್ಲಿ ನಾಣ್ಯದಗಲದ ಕೆಂಪು ಗುರುತೊಂದನ್ನು ಬಿಟ್ಟರೆ ಹೊರಗೆ ಏನೂ ಕಾಣುವುದಿಲ್ಲ. ಮರುದಿನ ಅದೇ ಮಗು ಕಾಲು ಮಡಚಿಕೊಂಡು, ಹೊಟ್ಟೆ ಮುಟ್ಟಲು ಬಿಡದೆ ಆಸ್ಪತ್ರೆಗೆ ಬರುತ್ತದೆ. ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ತೊಡಗಿರುವ ನಾನು ಆ ಸಣ್ಣ ಗುರುತಿಗೆ ಬಹಳ ಬೆಲೆ ಕೊಡುತ್ತೇನೆ. ಮಕ್ಕಳ ಹೊಟ್ಟೆಯ ಗೋಡೆ ತೆಳು. ಹ್ಯಾಂಡಲ್‌ಗೂ ಬೆನ್ನುಮೂಳೆಗೂ ನಡುವೆ ಸಿಕ್ಕಿದ ಕರುಳು ಜಜ್ಜಿಹೋಗುವುದಕ್ಕೆ ದೊಡ್ಡ ವೇಗವೇನೂ ಬೇಕಿಲ್ಲ.

ಕಾರಿನ ಸೀಟ್ ಬೆಲ್ಟ್ ಗುರುತೂ ಹಾಗೆಯೇ. ಬೆಲ್ಟ್ ಸೊಂಟದ ಮೂಳೆಯ ಮೇಲೆ ಕೂರುವ ಬದಲು ಹೊಟ್ಟೆಯ ಮೇಲಕ್ಕೆ ಜಾರಿದ್ದರೆ, ಕಾರು ಗಕ್ಕನೆ ನಿಂತಾಗ ಮಗುವಿನ ದೇಹ ಅದರ ಮೇಲೆ ಮಡಚಿಕೊಳ್ಳುತ್ತದೆ. ಆಗ ಕರುಳಿನ ಜೊತೆಗೆ ಸೊಂಟದ ಭಾಗದ ಬೆನ್ನುಮೂಳೆಯೂ ಮುರಿಯಬಹುದು. ಒಂದು ಸಿಕ್ಕಿದರೆ ಇನ್ನೊಂದನ್ನು ಹುಡುಕದೆ ನಾನು ಬಿಡುವುದಿಲ್ಲ.

ಯಕೃತ್ತು, ಗುಲ್ಮಗಳ ಗಾಯ ಮಕ್ಕಳಲ್ಲಿ ಹೆಚ್ಚು, ಸಿ.ಟಿ. ಸ್ಕ್ಯಾನ್ ಅವನ್ನು ಸ್ಪಷ್ಟವಾಗಿ ತೋರಿಸುತ್ತದೆ, ಬಹುಪಾಲು ಶಸ್ತ್ರಚಿಕಿತ್ಸೆ ಇಲ್ಲದೆಯೇ ವಾಸಿಯಾಗುತ್ತವೆ. ಕರುಳಿನ ಗಾಯ ಅಪರೂಪ, ಆದರೆ ಅದು ಅವಿತುಕೊಳ್ಳುತ್ತದೆ. ಕರುಳಿನ ಹೊರಗೆ ಗಾಳಿ ಕಂಡರೆ ಚರ್ಚೆಯೇ ಇಲ್ಲ, ಹೊಟ್ಟೆ ತೆರೆಯಬೇಕು. ಕರುಳು ತೂತಾಗಿದ್ದರೂ ಗಾಳಿ ಕಾಣದ ಮಕ್ಕಳು ಬೇಕಾದಷ್ಟಿದ್ದಾರೆ. ಯಕೃತ್ತು, ಗುಲ್ಮಗಳಿಗೆ ಏನೂ ಆಗಿಲ್ಲ, ಆದರೂ ಹೊಟ್ಟೆಯೊಳಗೆ ದ್ರವ ಸೇರಿದೆ ಎಂದು ವರದಿ ಬಂದರೆ ನನ್ನ ಅನುಮಾನ ಬಲವಾಗುತ್ತದೆ. ಅಲ್ಲಿಂದ ಮುಂದೆ ನಾನು ನಂಬುವುದು ಕೈಯನ್ನು.

ಒಬ್ಬರೇ ವೈದ್ಯರು, ಅದೇ ಹೊಟ್ಟೆಯನ್ನು, ಕೆಲವು ಗಂಟೆಗಳಿಗೊಮ್ಮೆ ಮುಟ್ಟಿ ನೋಡಬೇಕು. ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ನೋಡಿದರೆ ಆಗಿರುವ ಬದಲಾವಣೆ ಯಾರ ಗಮನಕ್ಕೂ ಬರುವುದಿಲ್ಲ. ಮೊದಲು ಮೂಗಿನ ಮೂಲಕ ನಳಿಕೆ ಹಾಕಿಸುತ್ತೇನೆ. ಅಳುವ ಮಗು ನುಂಗಿದ ಗಾಳಿಯಿಂದ ಜಠರ ಉಬ್ಬಿ, ಇಲ್ಲದ ರೋಗವನ್ನು ತೋರಿಸುತ್ತದೆ. ನೋವಿನ ಔಷಧಿ ಕೊಟ್ಟರೆ ಲಕ್ಷಣಗಳು ಮುಚ್ಚಿಹೋಗುತ್ತವೆ ಎಂಬ ಹಳೆಯ ಭಯವನ್ನು ನಾನು ಒಪ್ಪುವುದಿಲ್ಲ. ನೋವು ತಗ್ಗಿದ ಮಗು ಹೊಟ್ಟೆ ಸಡಿಲ ಬಿಡುತ್ತದೆ, ಆಮೇಲೂ ಬಿಗಿಯಾಗಿರುವ ಜಾಗವೇ ನಿಜ ಹೇಳುತ್ತದೆ. ತಾಯಿಯ ಪಕ್ಕದಲ್ಲಿರುವಾಗಲೇ, ಕೈ ಬೆಚ್ಚಗೆ ಮಾಡಿಕೊಂಡು, ನೋವಿಲ್ಲದ ಕಡೆಯಿಂದ ಆರಂಭಿಸುತ್ತೇನೆ. ಕಣ್ಣು ಮಾತ್ರ ಮಗುವಿನ ಮುಖದ ಮೇಲಿರುತ್ತದೆ. ಕೆಮ್ಮಲು ಹೇಳಿದಾಗ ಅದು ಹೊಟ್ಟೆ ಹಿಡಿದುಕೊಂಡರೆ ಒತ್ತಿ ನೋಡುವ ಅಗತ್ಯವೇ ಇರುವುದಿಲ್ಲ.

ರಕ್ತದೊತ್ತಡದ ಅಂಕಿಯನ್ನು ನೆಚ್ಚಿಕೊಂಡು ಕೂರಬಾರದು. ಮಗುವಿನ ರಕ್ತನಾಳಗಳು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಸುಮಾರು ಶೇ. 30ರಷ್ಟು ರಕ್ತ ಹೋಗುವವರೆಗೂ ಒತ್ತಡ ಇಳಿಯದೆ ಇರಬಹುದು. ಕೆ.ಜಿ.ಗೆ 80 ಮಿ.ಲೀ. ಲೆಕ್ಕದಲ್ಲಿ 15 ಕೆ.ಜಿ. ತೂಕದ ಮಗುವಿನ ಒಟ್ಟು ರಕ್ತವೇ ಸುಮಾರು 1,200 ಮಿ.ಲೀ. ನೋವು ತಗ್ಗಿ, ದ್ರವ ಕೊಟ್ಟ ಮೇಲೂ ನಾಡಿ ಏರುತ್ತಲೇ ಹೋದರೆ ನಾನು ಶಸ್ತ್ರಚಿಕಿತ್ಸಾ ಕೊಠಡಿಗೆ ಹೇಳಿಕಳುಹಿಸುತ್ತೇನೆ.

ಕಾಯುವ ಈ ಗಂಟೆಗಳು ಹೆತ್ತವರಿಗೆ ಸಹಿಸಲಾಗದಂಥವು. “ಸ್ಕ್ಯಾನ್ ಸರಿಯಿದೆ ಎಂದಿರಲ್ಲ, ಡಾಕ್ಟರೇ, ಮತ್ತೆ ಏಕೆ ಊಟ ಕೊಡುವುದಿಲ್ಲ?” ಎಂದು ಕೇಳುತ್ತಾರೆ. ಕುಳಿತು ವಿವರಿಸುತ್ತೇನೆ. ಸ್ಥಿರವಾಗಿರುವ ಮಗುವನ್ನು ಹತ್ತಿರದಿಂದ ಗಮನಿಸುತ್ತಿದ್ದು, ಲಕ್ಷಣ ಬಲಿತ ಕೂಡಲೇ, ಮೊದಲ 24 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿದರೆ ಫಲಿತಾಂಶ ಅಷ್ಟಾಗಿ ಕೆಡುವುದಿಲ್ಲ. ಅಪಾಯವಿರುವುದು ಯಾರೂ ಗಮನಿಸದೆ ಮನೆಯಲ್ಲಿ ಕಳೆದ ರಾತ್ರಿಯಲ್ಲಿ.

ಮಗು ಮೇಜಿನ ಮೇಲೆ ಬರುವ ಮೊದಲೇ ಕೊಠಡಿ ಬೆಚ್ಚಗಿರಬೇಕು, ದ್ರವಗಳೂ ಬೆಚ್ಚಗಿರಬೇಕು. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಮಗು ಸ್ಥಿರವಾಗಿದ್ದರೆ ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ತೂರಿಸುವ ಲ್ಯಾಪರೊಸ್ಕೋಪ್‌ನಲ್ಲಿ ನೋಡಿ, ಹೊಕ್ಕುಳಿನ ರಂಧ್ರವನ್ನೇ ಕೊಂಚ ಹಿಗ್ಗಿಸಿ ಗಾಯವಾದ ಕರುಳನ್ನು ಹೊರತೆಗೆದು ಹೊಲಿಯುವುದು ನನಗೆ ಇಷ್ಟ. ರಕ್ತಸ್ರಾವವಿದ್ದರೆ ನೇರವಾಗಿ ಹೊಟ್ಟೆ ತೆರೆಯುತ್ತೇನೆ.

ಮೊದಲು ರಕ್ತ ನಿಲ್ಲಿಸಬೇಕು. ಆಮೇಲೆ ಸಣ್ಣ ಕರುಳು ಆರಂಭವಾಗುವಲ್ಲಿಂದ ದೊಡ್ಡ ಕರುಳನ್ನು ಸೇರುವವರೆಗೆ ಗೇಣುಗೇಣಾಗಿ, ಎರಡೂ ಮಗ್ಗುಲು ತಿರುವಿ ನೋಡುತ್ತೇನೆ. ಈ ಎರಡು ತುದಿಗಳ ಬಳಿ ಕರುಳು ಬಿಗಿದುಕೊಂಡಿರುವುದರಿಂದ ಗಾಯಗಳು ಅಲ್ಲೇ ಹೆಚ್ಚು. ಮೊದಲ ತೂತು ಸಿಕ್ಕ ಕೂಡಲೇ ಹೊಲಿಯಲು ಕೂರುವುದಿಲ್ಲ. ಸೋರದಂತೆ ಹಿಡಿದಿಟ್ಟು ಮುಂದೆ ಸಾಗುತ್ತೇನೆ. ಕರುಳಿಗೆ ರಕ್ತನಾಳಗಳು ಬಂದು ಸೇರುವ ಅಂಚಿನಲ್ಲಿ ಪುಟ್ಟ ರಕ್ತಗಡ್ಡೆ ಕಂಡರೆ ಅದರ ಮೇಲಿನ ಪೊರೆ ಬಿಡಿಸಿ ನೋಡಲೇಬೇಕು. ಹೊರಗಿನಿಂದ ಬರೀ ಕಪ್ಪು ಕಲೆ. ಗಡ್ಡೆ ತೆಗೆದು ಮೆಲ್ಲಗೆ ಒತ್ತಿದರೆ ಅಡಿಯಿಂದ ಹಳದಿ ಪಿತ್ತರಸ ಗುಳ್ಳೆಯೊಡನೆ ಜಿನುಗುತ್ತದೆ. ಪೂರ್ತಿ ನೋಡಿದ ಮೇಲೆಯೇ ಎಲ್ಲಿ ಹೊಲಿಗೆ, ಎಲ್ಲಿ ಕತ್ತರಿ ಎಂಬ ತೀರ್ಮಾನ.

ಒಂದೇ ತೂತಾದರೆ ಜಜ್ಜಿದ ಅಂಚನ್ನು ತಾಜಾ ರಕ್ತ ಕಾಣುವವರೆಗೆ ಕತ್ತರಿಸಿ, ಅಡ್ಡಡ್ಡಲಾಗಿ ಮುಚ್ಚುತ್ತೇನೆ; ಉದ್ದಕ್ಕೆ ಹೊಲಿದರೆ ದಾರಿ ಕಿರಿದಾಗುತ್ತದೆ. ತಾನೇ ಕರಗುವ, 4-0 ಅಥವಾ 5-0 ಅಳತೆಯ ತೆಳು ದಾರದ ಒಂದೇ ಪದರ ಸಾಕು. ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಹರಿದಿದ್ದರೆ, ತೂತುಗಳು ಒತ್ತೊತ್ತಾಗಿದ್ದರೆ, ಅಥವಾ ರಕ್ತನಾಳಗಳ ಪೊರೆಯೇ ಕರುಳಿನಿಂದ ಕಿತ್ತುಬಂದು ಆ ಭಾಗ ಕಪ್ಪಿಟ್ಟಿದ್ದರೆ ಅಷ್ಟನ್ನು ತೆಗೆದು ತುದಿಗಳನ್ನು ಜೋಡಿಸುತ್ತೇನೆ. ಬೇಕಾದ್ದಕ್ಕಿಂತ ಒಂದು ಬೆರಳಷ್ಟೂ ಹೆಚ್ಚು ತೆಗೆಯಲು ನನಗೆ ಮನಸ್ಸಾಗುವುದಿಲ್ಲ. ಬೆಳೆಯುವ ಮಗುವಿಗೆ ಪ್ರತಿ ಸೆಂಟಿಮೀಟರ್ ಕರುಳೂ ಬೇಕು, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿನ ಕವಾಟವಂತೂ ಸಾಧ್ಯವಾದಷ್ಟು ಉಳಿಯಬೇಕು.

ದೊಡ್ಡ ಕರುಳಿನ ಗಾಯವನ್ನೂ ಬಹುಪಾಲು ಒಂದೇ ಸಲಕ್ಕೆ ಹೊಲಿಯಬಹುದು. ಬಹಳ ತಡವಾಗಿ ಬಂದು ಹೊಟ್ಟೆಯೆಲ್ಲ ಮಲವಾಗಿದ್ದರೆ, ಮಗು ರಕ್ತಸಂಚಾರ ಕುಸಿದ ಆಘಾತದಲ್ಲಿದ್ದರೆ (ಶಾಕ್) ತಾತ್ಕಾಲಿಕ ಸ್ಟೋಮಾ (ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದಿಡುವುದು) ಮಾಡಲು ಹಿಂಜರಿಯುವುದಿಲ್ಲ. ಸಣ್ಣ ಕರುಳಿನ ಮೊದಲ ಭಾಗವಾದ, ಜಠರಕ್ಕೆ ಹೊಂದಿಕೊಂಡ ಡುವೋಡಿನಮ್‌ನ ಗೋಡೆಯಲ್ಲಿ ಬರೀ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದ್ದರೆ ಕತ್ತಿ ಬೇಡ. ನಳಿಕೆಯಿಂದ ಜಠರ ಖಾಲಿ ಮಾಡುತ್ತ, ರಕ್ತನಾಳದ ಮೂಲಕ ಪೋಷಣೆ ಕೊಟ್ಟರೆ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ತೆರೆದುಕೊಳ್ಳುತ್ತದೆ. ಅರಿವಳಿಕೆ ತಜ್ಞರು ಮೈ 35 ಡಿಗ್ರಿಗಿಂತ ಕೆಳಗಿಳಿದಿದೆ, ರಕ್ತದಲ್ಲಿ ಆಮ್ಲ ಏರುತ್ತಿದೆ ಎಂದರೆ ಜೋಡಣೆಯ ಆಸೆ ಬಿಡುತ್ತೇನೆ. ಕರುಳಿನ ತುದಿಗಳನ್ನು ಕಟ್ಟಿ, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ, ಮಗುವನ್ನು ಬೆಚ್ಚಗೆ ಮಾಡಿ, ಒಂದೆರಡು ದಿನ ಬಿಟ್ಟು ಮತ್ತೆ ತೆರೆಯುತ್ತೇವೆ.

ಒಂದು ಮಾತನ್ನು ಬರೆಯದೆ ಇರಲಾರೆ. ಎರಡು ವರ್ಷದ ಮಗು ಮಂಚದಿಂದ ಬಿತ್ತು ಎನ್ನುತ್ತಾರೆ, ಒಳಗೆ ಕರುಳು ಸೀಳಿರುತ್ತದೆ. ಅಷ್ಟು ಎತ್ತರದಿಂದ ಬಿದ್ದರೆ ಸಾಮಾನ್ಯವಾಗಿ ಕರುಳು ಹರಿಯುವುದಿಲ್ಲ. ಯಾರ ಮೇಲೂ ಆರೋಪ ಹೊರಿಸದೆ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ದಾಖಲಿಸಿ, ಮಗುವಿನ ಇಡೀ ಮೈ ಪರೀಕ್ಷಿಸಿ, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಿಳಿಸುತ್ತೇನೆ. ಕರುಳು ಹೊಲಿದು ಮಗುವನ್ನು ಮತ್ತೆ ಅದೇ ಕೈಗಳಿಗೆ ಒಪ್ಪಿಸುವುದು ನನ್ನಿಂದಾಗದು.

ಉಳಿದವರನ್ನು ಮನೆಗೆ ಕಳುಹಿಸುವಾಗ ಒಂದು ಎಚ್ಚರಿಕೆಯನ್ನು ಬರೆದೇ ಕೊಡುತ್ತೇನೆ: ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ಬೆಳಗಾಗುವವರೆಗೆ ಕಾಯದೆ ಬನ್ನಿ. ಜಜ್ಜಿದ ಕರುಳು ಕೆಲವು ವಾರಗಳ ನಂತರ ಕಿರಿದಾಗಬಹುದು. ಕರುಳುಗಳು ಒಂದಕ್ಕೊಂದು ಅಂಟಿಕೊಂಡು ಮಾಡುವ ಅಡಚಣೆ ವರ್ಷಗಳ ನಂತರವೂ ಬರಬಹುದು. ಆಗ ನೋಡುವ ವೈದ್ಯರು ಬೇರೆಯವರಾಗಿರುತ್ತಾರೆ, ಆದ್ದರಿಂದ ಯಾವ ಕರುಳು, ಎಷ್ಟು ಸೆಂಟಿಮೀಟರ್ ತೆಗೆದೆವು, ಎಷ್ಟು ಉಳಿದಿದೆ ಎಂಬುದೂ ಅದೇ ಹಾಳೆಯಲ್ಲಿರುತ್ತದೆ.