ಸುಟ್ಟ ಸಾಸೇಜಿಗೆ ಖಾರ-ಸಿಹಿ ಅನಾನಸ್ ಸಾಸ್

ಸಾಸೇಜ್ ಸುಡುವಾಗ ಬಹಳ ಜನ ಉರಿ ಜೋರು ಮಾಡಿಬಿಡುತ್ತಾರೆ. ಹೊರಗೆ ಕರಕಲು, ಒಳಗೆ ಹಸಿ. ಮೊದಲೇ ಸಿಹಿ ಸಾಸ್ ಬಳಿದಿದ್ದರೆ ಅದೂ ಸೀದು ಕಹಿಯಾಗುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಮಾಡಿ, ಕೊನೆಯ ಎರಡು ನಿಮಿಷ ಮಾತ್ರ ಸೇರಿಸಿ.

ಆರು ಸಾಸೇಜಿಗೆ ಬೇಕಾಗುವುದು: ಸಣ್ಣಗೆ ಹೆಚ್ಚಿದ ಅನಾನಸ್ 2 ಕಪ್, ಬೆಲ್ಲದ ಪುಡಿ 3 ಚಮಚ, ಬ್ಯಾಡಗಿ ಮೆಣಸಿನಕಾಯಿ 4, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಚೂರು ಶುಂಠಿ, ಒಂದು ತುಂಡು ಚಕ್ಕೆ, ಎರಡು ಲವಂಗ, ಕುಟ್ಟಿದ ಕಾಳುಮೆಣಸು ಅರ್ಧ ಚಮಚ, ವಿನೆಗರ್ 1 ಚಮಚ, ಉಪ್ಪು, ಎಣ್ಣೆ. ಮನೆಯಲ್ಲಿ ಕೊಡಗಿನ ಕಾಚಂಪುಳಿ ಎಂಬ ಕಪ್ಪನೆಯ ಗಟ್ಟಿ ಹುಳಿರಸ ಇದ್ದರೆ ವಿನೆಗರ್ ಬೇಡವೇ ಬೇಡ, ಅದೇ ಕಾಲು ಚಮಚ ಸಾಕು. ಹಂದಿ ಮಾಂಸದ ಸಾಸೇಜಿಗಂತೂ ಆ ಹುಳಿ ಹೇಳಿ ಮಾಡಿಸಿದ ಜೋಡಿ.

ಮೊದಲು ಸಾಸ್. ಅನಾನಸ್ ಗೊಜ್ಜು ಮಾಡಿ ರೂಢಿ ಇದ್ದವರಿಗೆ ಇದು ಸಲೀಸು. ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಶುಂಠಿ ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ. ಎಣ್ಣೆಗೆ ಚಕ್ಕೆ, ಲವಂಗ, ಹೆಚ್ಚಿದ ಈರುಳ್ಳಿ ಹಾಕಿ ಬಾಡಿಸಿ. ರುಬ್ಬಿದ್ದನ್ನು ಸೇರಿಸಿ ಹಸಿ ವಾಸನೆ ಹೋಗುವವರೆಗೆ ಹುರಿಯಿರಿ. ಆಮೇಲೆ ಅನಾನಸ್, ಬೆಲ್ಲ, ಉಪ್ಪು, ಅರ್ಧ ಕಪ್ ನೀರು. ಮಧ್ಯಮ ಉರಿಯಲ್ಲಿ ಸುಮಾರು 20 ನಿಮಿಷ ಕುದಿಯಲಿ, ನಡುನಡುವೆ ಸೌಟಿನಿಂದ ಹಿಸುಕುತ್ತಿರಿ. ತಟ್ಟೆಯ ಮೇಲೆ ಒಂದು ತೊಟ್ಟು ಹಾಕಿ, ಆರಿದ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದಿದ್ದರೆ ಹದ ಬಂತು. ಕಾಳುಮೆಣಸು, ವಿನೆಗರ್ ಹಾಕಿ ಇಳಿಸಿ.

ಒಂದು ಮಾತು. ಹಸಿ ಅನಾನಸ್ ರಸದಲ್ಲಿ ಸಾಸೇಜ್ ನೆನೆಸಿಡಬೇಡಿ. ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಮಾಂಸವನ್ನು ಕೊಳಕೊಳ ಮಾಡಿಬಿಡುತ್ತದೆ. ಚೆನ್ನಾಗಿ ಕುದಿಸಿದರೆ ಅದರ ಆಟ ನಡೆಯುವುದಿಲ್ಲ.

ಇನ್ನು ಸಾಸೇಜ್. ಫ್ರೀಜರಿನಲ್ಲಿದ್ದರೆ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ. ಬೇಯಿಸಿದ್ದೋ ಹಸಿಯೋ ಎಂದು ಪ್ಯಾಕೆಟ್ ನೋಡಿ. ಹಸಿಯಾದರೆ ಮೊದಲು 10 ನಿಮಿಷ ಬಿಸಿನೀರಿನಲ್ಲಿ ಇಡಿ. ನೀರು ಹಬೆಯಾಡಬೇಕು, ಕೊತಕೊತ ಕುದಿಯಬಾರದು. ಕುದಿದರೆ ಸಿಪ್ಪೆ ಒಡೆಯುತ್ತದೆ. ಆಮೇಲೆ ಬಟ್ಟೆಯಿಂದ ಒರೆಸಿ. ಒದ್ದೆ ಸಿಪ್ಪೆ ಕೆಂಪಗಾಗುವುದಿಲ್ಲ.

ಫೋರ್ಕಿನಿಂದ ಚುಚ್ಚುವ ಅಭ್ಯಾಸ ಇದ್ದರೆ ಬಿಡಿ. ಒಳಗಿನ ಕೊಬ್ಬು, ರಸ ಎಲ್ಲ ಸುರಿದು ಹೋಗುತ್ತದೆ. ಕೊಬ್ಬು ಕೆಂಡಕ್ಕೆ ಬಿದ್ದರೆ ಬೆಂಕಿ ಭಗ್ಗನೆ ಏಳುತ್ತದೆ. ಇದ್ದಿಲಾದರೆ ಮೇಲೆ ಬೂದಿ ಕಟ್ಟುವವರೆಗೆ ಕಾಯಿರಿ. ಗ್ಯಾಸ್ ಮೇಲೆ ಕಾವಲಿಯೂ ಆದೀತು, ಸ್ವಲ್ಪ ಎಣ್ಣೆ ಸವರಿ. ಮಧ್ಯಮ ಕಾವಿನಲ್ಲಿ ಇಕ್ಕಳದಿಂದ ತಿರುಗಿಸುತ್ತಾ 8–10 ನಿಮಿಷ ಸುಡಿ. ಅಡುಗೆ ಥರ್ಮಾಮೀಟರ್ ಇದ್ದರೆ ನಡುಭಾಗ ಕೋಳಿಗೆ 74 ಡಿಗ್ರಿ ಸೆಲ್ಸಿಯಸ್, ಹಂದಿಗೆ 71 ತೋರಿಸಬೇಕು.

ಬಳಿಯಲು ಸ್ವಲ್ಪ ಸಾಸನ್ನು ಬೇರೆ ಬಟ್ಟಲಿಗೆ ತೆಗೆದಿಡಿ, ಬ್ರಶ್ ಅದರಲ್ಲಿ ಮಾತ್ರ ಅದ್ದಿ. ಕೊನೆಗೆ ತೆಳ್ಳಗೆ ಬಳಿದು, ತಿರುಗಿಸಿ ಮತ್ತೊಮ್ಮೆ ಬಳಿಯಿರಿ. ಸಾಸ್ ಗುಳ್ಳೆಯೆದ್ದು ಹೊಳೆಯುತ್ತಿದ್ದಂತೆ ಇಳಿಸಿಬಿಡಿ. ಬಿಸಿ ಪಾವ್, ಹಸಿ ಈರುಳ್ಳಿ ಜೊತೆ ಬಡಿಸಿ. ಮುಟ್ಟದೆ ಉಳಿದ ಸಾಸ್ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ, ದೋಸೆಗೂ ಆಗುತ್ತದೆ.