ಕಪ್ ಗೆಲ್ಲದ ತಂಡದ ಕೋಚ್‌ಗಳಿಗೆ ಸ್ಥಾನ ಕೊಡುವುದು ಹೇಗೆ?

ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆ ಯಾವ ಕ್ಲಬ್ಬಿನ ಜಗಲಿಯಲ್ಲಿ ಕುಳಿತರೂ ಮಳೆಗಾಲದ ಸಂಜೆಗೆ ಎರಡು ಚರ್ಚೆ ಖಾಯಂ. ಒಂದು, ಯಾವ ಭಾಗವತರು ಮೇಲು ಎಂಬುದು. ಇನ್ನೊಂದು, ಫುಟ್‌ಬಾಲ್ ತಂಡ ಕೇರಳ ಬ್ಲಾಸ್ಟರ್ಸ್‌ಗೆ ಬಂದು ಹೋದ ಕೋಚ್‌ಗಳಲ್ಲಿ ಯಾರು ದೊಡ್ಡವರು ಎಂಬುದು. ಮೊದಲನೆಯದಕ್ಕೆ ನಮ್ಮ ಹಿರಿಯರ ಬಳಿ ಅಳತೆಗೋಲಿದೆ: ಶ್ರುತಿ, ಲಯ, ಪ್ರಸಂಗದ ನಡೆ, ಹೊಸ ವೇಷಧಾರಿಯನ್ನೂ ಕುಣಿಸಿ ಗೆಲ್ಲಿಸುವ ಬಗೆ. ಎರಡನೆಯದಕ್ಕೆ ಅಂಥದ್ದು ಇಲ್ಲ. ದನಿ ಏರುತ್ತದೆ, ಚಹಾ ಆರುತ್ತದೆ, ತೀರ್ಮಾನವಾಗದೆ ಎಲ್ಲರೂ ಏಳುತ್ತಾರೆ.

ದೊಡ್ಡ ಕ್ಲಬ್‌ಗಳ ಅಭಿಮಾನಿಗಳಿಗೆ ಈ ಕೆಲಸ ಸುಲಭ. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗುಸನ್ 13 ಬಾರಿ ಪ್ರೀಮಿಯರ್ ಲೀಗ್ ಗೆದ್ದರು. ಅಲ್ಲಿ ಚರ್ಚೆ ಎರಡನೇ ಸ್ಥಾನದಿಂದ ಆರಂಭ. ನಮ್ಮ ಹಳದಿ ತಂಡ 2014, 2016, 2022ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ತಲುಪಿ ಮೂರರಲ್ಲೂ ಸೋತಿತು. ಎಣಿಸಲು ಕಪ್ಪೇ ಇಲ್ಲ. ಆದ್ದರಿಂದಲೇ ಬೇರೆ ದಾರಿ ಬೇಕು. ಕೆಲವು ವರ್ಷಗಳಿಂದ ನಾನು ಅನುಸರಿಸುತ್ತಿರುವ ಕ್ರಮ ಇದು. ಬೇಕಾದದ್ದು ಗೆರೆ ಎಳೆದ ಒಂದು ಪುಸ್ತಕ, ಪೆನ್ಸಿಲ್ ಮತ್ತು ಎರಡು ಸಂಜೆಯ ಸಮಾಧಾನ.

ಮೊದಲು ಹೆಸರುಗಳು

ಮುಖ್ಯ ಕೋಚ್ ಹುದ್ದೆಗೆ ಬಂದವರನ್ನು ಮಾತ್ರ ಬರೆಯಿರಿ: ಡೇವಿಡ್ ಜೇಮ್ಸ್ (2014), ಪೀಟರ್ ಟೇಲರ್ ಮತ್ತು ಟೆರಿ ಫೆಲನ್ (2015), ಸ್ಟೀವ್ ಕಾಪೆಲ್ (2016), ರೆನೆ ಮ್ಯೂಲೆನ್‌ಸ್ಟೀನ್ (2017), ಮತ್ತೆ ಜೇಮ್ಸ್ (2018), ನೆಲೊ ವಿಂಗಾಡಾ (2019), ಎಲ್ಕೊ ಶಟೋರಿ (2019-20), ಕಿಬು ವಿಕುನಾ (2020-21), ಇವಾನ್ ವುಕೊಮನೊವಿಚ್ (2021-24), ಮಿಕಾಯೆಲ್ ಸ್ಟಾರೆ (2024). ಒಂದೆರಡು ವಾರ ತಂಡವನ್ನು ಹಿಡಿದುಕೊಂಡವರನ್ನು ಬೇರೆ ಪುಟಕ್ಕೆ ಹಾಕಿ. ಅವರನ್ನು ಇವರ ಜೊತೆ ತೂಗುವುದು ಅನ್ಯಾಯ. ಸ್ಟಾರೆಯ ನಂತರ ಬಂದವರನ್ನೂ ಸದ್ಯಕ್ಕೆ ಸೇರಿಸಬೇಡಿ. ಜೇಮ್ಸ್‌ಗೆ ಮಾತ್ರ ಎರಡು ಸಾಲು ಕೊಡಿ. ಮೊದಲ ಬಾರಿ ತಂಡವನ್ನು ಫೈನಲ್‌ಗೆ ಕೊಂಡೊಯ್ದ ಜೇಮ್ಸ್ ಮತ್ತು ಎರಡನೇ ಬಾರಿ ಹಾದಿ ತಪ್ಪಿದ ಜೇಮ್ಸ್ ಒಂದೇ ಸಾಲಿನಲ್ಲಿ ಕುಳಿತರೆ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ.

ಅಂಕವನ್ನು ಪಂದ್ಯಗಳಿಂದ ಭಾಗಿಸಿ

ಋತುವಿನಿಂದ ಋತುವಿಗೆ ಪಂದ್ಯಗಳ ಸಂಖ್ಯೆ ಬದಲಾಗಿದೆ. ಹಾಗಾಗಿ ಒಟ್ಟು ಅಂಕ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. 2014ರಲ್ಲಿ ಜೇಮ್ಸ್‌ರ ತಂಡ 14 ಲೀಗ್ ಪಂದ್ಯಗಳಲ್ಲಿ 19 ಅಂಕ ಗಳಿಸಿತು, ಅಂದರೆ ಪಂದ್ಯಕ್ಕೆ 1.36. ಕಾಪೆಲ್ 14ರಲ್ಲಿ 22, ಅಂದರೆ 1.57. ಇವಾನ್‌ರ ಮೂರು ಋತುಗಳಲ್ಲಿ 34, 31 ಮತ್ತು 33 ಅಂಕಗಳು, ಒಟ್ಟು 62 ಪಂದ್ಯಗಳಲ್ಲಿ 98, ಭಾಗಿಸಿದರೆ 1.58. ಈ ಲೆಕ್ಕ ಮೊದಲ ಬಾರಿ ಮಾಡಿದ ದಿನ ಅಕ್ಕನ ಮಗ ಪುಸ್ತಕವನ್ನು ಕಸಿದುಕೊಂಡು ಮೊಬೈಲಿನಲ್ಲಿ ಎರಡು ಸಲ ಕೂಡಿಸಿ, ಭಾಗಿಸಿ ನೋಡಿದ. "ಮಾವ, ಇಬ್ಬರೂ ಒಂದೇ ಅಲ್ಲವಾ!" ಎಂದ. ವರ್ಷಗಟ್ಟಲೆ ನಮ್ಮ ಜಗಲಿಯನ್ನು ಎರಡು ಪಕ್ಷ ಮಾಡಿದ ಇಬ್ಬರ ನಡುವೆ ಇರುವುದು ಪಂದ್ಯವೊಂದಕ್ಕೆ 0.01 ಅಂಕದ ಅಂತರ.

ಅಂಕೆಯ ಜೊತೆ ಸಂದರ್ಭವನ್ನೂ ಪಕ್ಕದಲ್ಲೇ ಬರೆಯಿರಿ. 2016ರಲ್ಲಿ ಇದ್ದದ್ದು ಎಂಟು ತಂಡ, ನಾಲ್ಕಕ್ಕೆ ಸೆಮಿಫೈನಲ್. 2021-22ರಲ್ಲಿ ಹನ್ನೊಂದು ತಂಡಗಳಿದ್ದವು, ಆಗಲೂ ನಾಲ್ಕೇ ಮುಂದೆ ಹೋದವು. ಕಾಪೆಲ್‌ಗೆ ಕೊಚ್ಚಿಯ ಕಲೂರು ಕ್ರೀಡಾಂಗಣದ ಹಳದಿ ಸಮುದ್ರ ಬೆನ್ನಿಗಿತ್ತು. ಇವಾನ್‌ರ ಮೊದಲ ಋತುವಿನ ಇಪ್ಪತ್ತೂ ಲೀಗ್ ಪಂದ್ಯಗಳು ಕೋವಿಡ್ ಕಾರಣದಿಂದ ಗೋವಾದ ಖಾಲಿ ಗ್ಯಾಲರಿಗಳ ನಡುವೆ ನಡೆದವು.

ತೋಟ ಹೇಗೆ ಸಿಕ್ಕಿತು, ಹೇಗೆ ಬಿಟ್ಟುಕೊಟ್ಟರು

ನನ್ನ ಪಾಲಿಗೆ ಇದೇ ಮುಖ್ಯ ಮೆಟ್ಟಿಲು. ಅಡಿಕೆ ತೋಟವನ್ನು ವಹಿಸಿಕೊಂಡವನನ್ನು ಆ ವರ್ಷದ ಫಸಲಿನಿಂದ ಅಳೆಯುವವರು ನಮ್ಮೂರಲ್ಲಿ ಇಲ್ಲ. ವಹಿಸಿಕೊಂಡಾಗ ಎಷ್ಟು ಮರಕ್ಕೆ ಮಹಾಳಿ (ಕೊಳೆರೋಗ) ಹಿಡಿದಿತ್ತು, ಅವನು ಹೊತ್ತಿಗೆ ಸರಿಯಾಗಿ ಮದ್ದು ಬಿಟ್ಟನೇ, ಎಡೆಯಲ್ಲಿ ಹೊಸ ಸಸಿ ನೆಟ್ಟನೇ ಎಂದು ಕೇಳುತ್ತೇವೆ. ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಕೊಯ್ಯುವವನು ಬೇರೆಯೇ ಆಗಿರಬಹುದು.

ಪ್ರತಿ ಕೋಚ್‌ನ ಎದುರು ಎರಡು ಅಂಕೆ ಬರೆಯಿರಿ: ಹಿಂದಿನ ಋತುವಿನಲ್ಲಿ ತಂಡದ ಸ್ಥಾನ, ಇವರ ಋತುವಿನಲ್ಲಿ ಸ್ಥಾನ. ಕಾಪೆಲ್‌ಗೆ ಸಿಕ್ಕಿದ್ದು 2015ರಲ್ಲಿ ಕಟ್ಟಕಡೆಗೆ ಬಿದ್ದ ತಂಡ. ಅವರು ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ತಂದರು. ಅದೂ 14 ಪಂದ್ಯಗಳಲ್ಲಿ ಬರೀ 13 ಗೋಲು ಹೊಡೆದು! ಇದ್ದ ಸಾಮಾನಿನಲ್ಲಿ ಅಡುಗೆ ಮಾಡುವ ಕೈ ಅದು. ಇವಾನ್‌ಗೆ ಸಿಕ್ಕಿದ್ದು ಹನ್ನೊಂದರಲ್ಲಿ ಹತ್ತನೆಯದಾಗಿದ್ದ ತಂಡ; ಅವರು ನಾಲ್ಕನೇ ಸ್ಥಾನಕ್ಕೆ, ಅಲ್ಲಿಂದ ಫೈನಲ್‌ಗೆ ಒಯ್ದರು. ನಂತರದ ಎರಡು ವರ್ಷವೂ ಪ್ಲೇಆಫ್ ತಪ್ಪಲಿಲ್ಲ. ಆ ಕ್ಲಬ್ಬಿನಲ್ಲಿ ಹಿಂದೆ ಯಾರೂ ಮೂರು ಋತು ಉಳಿದಿರಲಿಲ್ಲ.

ಶಟೋರಿಯವರ ಸಾಲಿಗೆ ಬಂದಾಗ ಪೆನ್ಸಿಲನ್ನು ನಿಧಾನ ಮಾಡಿ. ಏಳನೇ ಸ್ಥಾನ ಎಂಬುದಷ್ಟೇ ಕಣ್ಣಿಗೆ ಬೀಳುತ್ತದೆ. ಆದರೆ ರಕ್ಷಣಾ ಆಟಗಾರ ಸಂದೇಶ್ ಜಿಂಗನ್ ಗಾಯಗೊಂಡು ಇಡೀ ಋತು ಹೊರಗಿದ್ದರು. ಮುಂಪಡೆಯ ಆಟಗಾರ ಒಗ್ಬೆಚೆ ಒಬ್ಬರೇ 15 ಗೋಲು ಹೊಡೆದರು. ನೋಡಲು ಚೆಂದದ ಆಟ ಅದು. ಇನ್ನೊಂದು ವರ್ಷ ಕೊಡಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಸಸಿಗಳ ಹೆಸರನ್ನೂ ಬರೆಯಿರಿ. 2014ರಲ್ಲಿ ಜೇಮ್ಸ್‌ರ ಕೆಳಗೆ ಜಿಂಗನ್ ಲೀಗ್‌ನ ಉದಯೋನ್ಮುಖ ಆಟಗಾರರಾದರು. ಜೇಮ್ಸ್ ನಡುವೆಯೇ ಹೊರಟುಹೋದ, ಇಡೀ ಲೀಗ್‌ನಲ್ಲಿ ಎರಡೇ ಪಂದ್ಯ ಗೆದ್ದ 2018-19ರಲ್ಲಿ ಅದೇ ಗೌರವ ಸಹಲ್ ಅಬ್ದುಲ್ ಸಮದ್‌ಗೆ ಸಿಕ್ಕಿತು. ಕೆಟ್ಟ ವರ್ಷದ ತೋಟದಲ್ಲೂ ಒಂದು ಸಸಿ ಬೇರು ಬಿಟ್ಟಿತ್ತು. ಇವಾನ್‌ರ ಕಾಲದಲ್ಲಿ ವಿಬಿನ್ ಮೋಹನನ್, ಸಚಿನ್ ಸುರೇಶ್, ಐಮೆನ್, ಅಜ್ಹರ್ ಹಳದಿ ಅಂಗಿಯಲ್ಲಿ ಬೆಳೆದರು.

ಒಂದು ರಾತ್ರಿಗೆ ಎಷ್ಟು ತೂಕ?

2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಹೆಚ್ಚುವರಿ ಸಮಯದಲ್ಲಿ ಬ್ಲಾಸ್ಟರ್ಸ್ ಆಟಗಾರರು ಚೆಂಡಿಗೆ ಅಡ್ಡ ನಿಂತು ಗೋಡೆ ಕಟ್ಟುವ ಮುನ್ನವೇ ಎದುರಾಳಿ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಇವಾನ್ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ, ಅವರಿಗೆ ಹತ್ತು ಪಂದ್ಯಗಳ ನಿಷೇಧ. ಕನ್ನಡ ಮಾತಾಡುತ್ತಾ ಕೇರಳದ ತಂಡಕ್ಕೆ ಕೂಗುವ ನಮ್ಮಂಥವರಿಗೆ ಆ ರಾತ್ರಿ ಎರಡು ಪಟ್ಟು ಭಾರವಾಗಿತ್ತು. ಬೆಂಗಳೂರಿನ ನೆಂಟರ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಇಂಥ ಘಟನೆಯನ್ನು ಪಟ್ಟಿಯಿಂದ ಅಳಿಸಬೇಡಿ, ಅದರ ಕೆಳಗೆ ಉಳಿದೆಲ್ಲವನ್ನೂ ಹೂಳಲೂ ಬೇಡಿ. ನನ್ನ ಅಭಿಪ್ರಾಯದಲ್ಲಿ ತಂಡವನ್ನು ಹೊರಗೆ ಕರೆದದ್ದು ತಪ್ಪು. ಆಟಗಾರರಿಗೆ ಉಳಿದಿದ್ದ ನಿಮಿಷಗಳನ್ನು ಕೋಚ್ ಕಿತ್ತುಕೊಳ್ಳಬಾರದು. ಅಂಚಿನಲ್ಲಿ ಒಂದು ಗೆರೆ ಎಳೆದು ಅಂಕ ಕಳೆದೆ. ಹಾಗೆಯೇ 2022ರ ಫೈನಲ್: ರಾಹುಲ್ ಕೆ.ಪಿ. ಹೊಡೆದ ಗೋಲು 88ನೇ ನಿಮಿಷದವರೆಗೂ ಗೆಲುವಿನ ಗೋಲಾಗಿತ್ತು. ಆಮೇಲೆ ಹೈದರಾಬಾದ್ ಸಮ ಮಾಡಿತು. ಶೂಟೌಟ್‌ನಲ್ಲಿ ಲಕ್ಷ್ಮೀಕಾಂತ್ ಕಟ್ಟೀಮನಿ ಮೂರು ಹೊಡೆತ ತಡೆದರು. ಎದುರಾಳಿ ಗೋಲ್‌ಕೀಪರ್‌ನ ಕೈಗೆ ಕೋಚ್ ಹೊಣೆಯಲ್ಲ. ಆ ಸೋಲಿಗೆ ನಾನು ಅಂಕ ಕಳೆಯಲಿಲ್ಲ.

ಊರ ಮೋಹವನ್ನು ಬೇರೆ ಕಾಲಂಗೆ

ನಮ್ಮ ಜಿಲ್ಲೆಯಲ್ಲಿ ಕಾಪೆಲ್‌ಗೆ ತುಸು ಹೆಚ್ಚು ಮತ ಬೀಳುತ್ತದೆ. ಕಾರಣ ಗೊತ್ತೇ ಇದೆ: 2016ರ ಫೈನಲ್‌ನಲ್ಲಿ ಕಾರ್ನರ್‌ಗೆ ಹಾರಿ ತಲೆಕೊಟ್ಟು ಗೋಲು ಹೊಡೆದವರು ತೃಕ್ಕರಿಪುರದ ಮೊಹಮ್ಮದ್ ರಫಿ. ಕೊಯ್ಲು ಮುಗಿದ ಗದ್ದೆಯಲ್ಲಿ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಆಡಿದ ಯಾವ ಹುಡುಗನೂ ಆ ಗೋಲನ್ನು ಮರೆಯಲಾರ. ನಾನೂ ಮರೆತಿಲ್ಲ. ಈ ಪ್ರೀತಿಗೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ಅದಕ್ಕೊಂದು ಪ್ರತ್ಯೇಕ ಕಾಲಂ ಮಾಡಿ, ಒಟ್ಟು ಮೊತ್ತಕ್ಕೆ ಸೇರಿಸಬೇಡಿ. ಇವಾನ್‌ರನ್ನು ಅಭಿಮಾನಿಗಳು 'ಆಶಾನ್' (ಮಲಯಾಳದಲ್ಲಿ ಗುರು) ಎಂದು ಕರೆದದ್ದೂ ಅದೇ ಕಾಲಂಗೆ ಹೋಗಬೇಕು.

ಕೊನೆಗೆ, ಮಾತು ಆರಂಭಿಸುವ ಮೊದಲೇ ಪ್ರತಿಯೊಬ್ಬರೂ ತಮ್ಮ ಕ್ರಮವನ್ನು ಚೀಟಿಯಲ್ಲಿ ಬರೆದು ಮಡಚಿಡಿ. ಇಲ್ಲವಾದರೆ ದನಿ ದೊಡ್ಡದಿರುವವರ ಪಟ್ಟಿಯೇ ಎಲ್ಲರ ಪಟ್ಟಿಯಾಗುತ್ತದೆ.

ನನ್ನ ಚೀಟಿಯಲ್ಲಿ ಇವಾನ್ ಮೊದಲು, ಕೂದಲೆಳೆಯಲ್ಲಿ ಕಾಪೆಲ್ ಎರಡನೆಯವರು. ಮೂರು ವರ್ಷ ನಿಭಾಯಿಸಿದ್ದು ಮತ್ತು ನೆಟ್ಟ ಸಸಿಗಳು ಆ ಎಳೆಯನ್ನು ಎಳೆದವು. ಮೂರನೆಯದು 2014ರ ಜೇಮ್ಸ್, ನಾಲ್ಕನೆಯವರು ಶಟೋರಿ. ಹನ್ನೆರಡು ಪಂದ್ಯಗಳಲ್ಲಿ ಏಳು ಸೋತು ಹೋದ ಸ್ಟಾರೆ ಕೆಳಗಿದ್ದಾರೆ. ಅಕ್ಕನ ಮಗನ ಚೀಟಿಯಲ್ಲಿ ಕಾಪೆಲ್ ಮೊದಲು. ಎರಡೂ ಚೀಟಿಗೆ ದಿನಾಂಕ ಹಾಕಿ ಪುಸ್ತಕದ ನಡುವೆ ಇಟ್ಟಿದ್ದೇವೆ. ವಿಬಿನ್ ಮತ್ತು ಸಚಿನ್ ಇನ್ನೂ ಆಡಬೇಕಾದ ವರ್ಷಗಳಿವೆ, ಆಗ ಮತ್ತೆ ತೆರೆಯುತ್ತೇವೆ.